ಪರೀಕ್ಷೆಯ ಪಟ್ಟಿಯಲ್ಲಿ ಖಾಲಿ ಉಳಿದ ಒಂದು ಮನೆ



ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳಿಸಬೇಕೆಂದು ಸಂಪಾದಕ ಮಂಡಲದವರ ಪತ್ರವು ಬಂದಾಗ ನಮಗೆ ಸಂತೋಷವೂ ಸಂಕೋಚವೂ ಒಟ್ಟಿಗೇ ಆದವು. ಇಂಥ ಸಂಚಿಕೆಗಳಲ್ಲಿ ಹಳೆಯ ವಿದ್ಯಾರ್ಥಿನಿಯರು ತಮಗೆ ದೊರೆತ ಬಹುಮಾನಗಳನ್ನೂ, ಬೆಳಗಿನ ಪ್ರಾರ್ಥನೆಯ ಗಂಟೆಯನ್ನೂ, ವಸತಿಗೃಹದ ಊಟವನ್ನೂ, ಗುರುಮಾತೆಯರ ಮಮತೆಯನ್ನೂ ನೆನೆಯುವದು ವಾಡಿಕೆಯಾಗಿದೆ. ನಾವೂ ಅದನ್ನೇ ಮಾಡಬಹುದಾಗಿತ್ತು. ಆದರೆ ಬಹುಕಾಲ ತಿಕೋಟಾ ಸೀಮೆಯಲ್ಲಿ ಶಿಕ್ಷಕಿಯಾಗಿ ದುಡಿದು ಈಗ ಮನೆಯಲ್ಲಿ ಕುಳಿತಿರುವ ನಮಗೆ, ಈ ಶಾಲೆಯು ಕಲಿಸಿದ್ದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಯಾವದೆಂದು ಕೇಳಿಕೊಂಡಾಗ, ನಾವು ಕಲಿತೂ ಮರೆತುಬಿಟ್ಟಿದ್ದ ಒಂದು ಪಾಠವೇ ನೆನಪಿಗೆ ಬರುತ್ತದೆ. ಅದನ್ನು ಮರೆತದ್ದರಿಂದ ನಮ್ಮ ಕೈಯಿಂದ ಒಂದು ಹುಡುಗಿಗೆ ಅನ್ಯಾಯವಾಯಿತು. ಅದನ್ನು ಮುಚ್ಚಿಡದೆ ಇಲ್ಲಿ ಹೇಳುವದೇ ಈ ಶಾಲೆಯ ಋಣವನ್ನು ತೀರಿಸುವ ದಾರಿಯೆಂದು ನಮಗೆ ತೋರಿದೆ.

ನಾವು ವಸತಿಗೃಹದಲ್ಲಿದ್ದಾಗ ನಮ್ಮ ಓರಗೆಯ ಒಬ್ಬ ಹುಡುಗಿಗೆ ಅಕ್ಷರಗಳು ತಲೆಗೆ ಹತ್ತುತ್ತಿರಲಿಲ್ಲ. ಮಾತು ತೊದಲು; ಎರಡು ಕೆಲಸ ಒಟ್ಟಿಗೆ ಹೇಳಿದರೆ ಒಂದನ್ನು ಮರೆಯುವಳು. ಹುಡುಗಿಯರಾದ ನಾವು ಅವಳನ್ನು ಪ್ರೀತಿಸುತ್ತಲೂ ಇದ್ದೆವು, ಅವಳನ್ನು ನೋಡಿ ನಗುತ್ತಲೂ ಇದ್ದೆವು. ಹೊಲಿಗೆಯ ಪರೀಕ್ಷೆಯ ದಿವಸ ನಮಗೆಲ್ಲ ಕಾಜು ಹೊಲಿಯುವದನ್ನೂ ಸರಪಳಿ ಹೊಲಿಗೆಯನ್ನೂ ಕೊಟ್ಟಿದ್ದರು. ಬಾಯಿಯವರು ಅವಳ ಬಟ್ಟೆಯ ಮೇಲೆ ಸೀಸಕಡ್ಡಿಯಿಂದ ಒಂದು ನೆಟ್ಟನೆಯ ಗೆರೆಯನ್ನು ಎಳೆದು, ದಪ್ಪ ಸೂಜಿಯನ್ನು ಕೊಟ್ಟು, ಗೆರೆ ಬಿಡದಂತೆ ಹೊಲಿಯಲು ಹೇಳಿದರು. ಆಮೇಲೆ ತಮ್ಮ ಪುಸ್ತಕದಲ್ಲಿ, "ಗೆರೆಯ ಮೇಲೆ ತಾನೇ ಹೊಲಿದಳು. ದಾರ ಪೋಣಿಸಲು ಒಮ್ಮೆ ತೋರಿಸಬೇಕಾಯಿತು. ಗಂಟು ಹಾಕುವದನ್ನು ನಾವೇ ಮಾಡಿದೆವು," ಎಂದು ಬರೆದುಕೊಂಡರು. ಪಕ್ಕದಲ್ಲಿ ಕುಳಿತಿದ್ದ ನಾವು ಓರೆಗಣ್ಣಿನಿಂದ ಅದನ್ನು ಓದಿ, ಇವಳಿಗೆ ಇಷ್ಟು ಸುಲಭದ ಪರೀಕ್ಷೆಯೇ ಎಂದು ಹೊಟ್ಟೆಕಿಚ್ಚು ಪಟ್ಟದ್ದು ಈಗಲೂ ನೆನಪಿದೆ. ಮುಂದಿನ ವರುಷ ಆ ಹುಡುಗಿಯು ದಾರವನ್ನು ತಾನೇ ಪೋಣಿಸಿದಳು. ಬಾಯಿಯವರ ಪುಸ್ತಕದಲ್ಲಿ ಅದೂ ದಾಖಲಾಯಿತು.

ಅದಾದ ಮೇಲೆ ಅನೇಕ ವರುಷಗಳು ಕಳೆದವು. ನಾವು ಶಿಕ್ಷಕಿಯರಾಗಿ ತಿಕೋಟಾದ ಕಡೆಗೆ ಬಂದೆವು. ವಿಜಯಪುರದಿಂದ ಅಥಣಿಯ ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಸಿಕ್ಕುವ ಈ ಊರು ಈಗ ತಾಲೂಕು ಸ್ಥಳವಾಗಿದೆ. ಆಗ ವಿಜಾಪುರ ತಾಲೂಕಿಗೇ ಸೇರಿತ್ತು. ಮಳೆ ಕಡಿಮೆಯ ಸೀಮೆ. ಕಷ್ಟಪಟ್ಟು ನೀರು ತಂದು ಬೆಳೆದ ದ್ರಾಕ್ಷಿಯ ತೋಟಗಳಿಂದಲೂ ಒಣದ್ರಾಕ್ಷಿಯ ಶೆಡ್ಡುಗಳಿಂದಲೂ ಅದು ಹೆಸರಾಗಿರುವದು ತಮಗೆಲ್ಲ ತಿಳಿದದ್ದೇ. ಈ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾವಿದ್ದಾಗ, 1999ನೆಯ ಇಸವಿಯಲ್ಲಿ, ಐದನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ನಮ್ಮ ಹಳೆಯ ಗೆಳತಿಗಿಂತಲೂ ಇವಳ ಬುದ್ಧಿಯ ಬೆಳವಣಿಗೆ ನಿಧಾನವಾಗಿತ್ತು. ಹಾಜರಿ ಕೂಗಿದಾಗ ಕೈ ಎತ್ತುವಳು, ಹಾಡಿಗೆ ತಲೆದೂಗುವಳು, ಪಾಟಿಯ ಮೇಲೆ ಗುಂಡು ಗುಂಡಾಗಿ ಗೀಚುವಳು. ಒಂದು ದಿವಸವೂ ತಪ್ಪದೆ ಬರುವಳು.

ವಾರ್ಷಿಕ ಪರೀಕ್ಷೆಯ ಮುನ್ನಾದಿನ ಅವಳ ತಾಯಿ ಶಾಲೆಗೆ ಬಂದು, "ಅಕ್ಕೋರೆ, ನಾಳಿ ಪರೀಕ್ಷಾಕ್ಕ ಆಕಿನ್ನ ಎಷ್ಟೊತ್ತಿಗೆ ಕರಕೊಂಡ ಬರ್ಲಿರಿ? ಹೊಸಾ ಲಂಗಾ ಹೊಲಿಸೀನ್ರಿ," ಎಂದು ಕೇಳಿದಳು.

"ಬ್ಯಾಡವ್ವಾ, ಪರೀಕ್ಷಾ ಮುಗಿಯೂತನಕ ಆಕಿ ಮನಿಯಾಗ ಇರ್ಲಿ. ಸುಮ್ಮನ ಆಕಿಗೆ ಯಾಕ ತ್ರಾಸು?" ಎಂದು ನಾವು ಹೇಳಿದೆವು.

ದಯೆಯಿಂದ ಹೇಳಿದೆವೆಂದು ಆಗ ನಮ್ಮನ್ನು ನಾವೇ ನಂಬಿಸಿಕೊಂಡೆವು. ನಿಜವಾದ ಕಾರಣವು ಬೇರೆ ಇತ್ತು. ಅವಳು ಬಂದು ಕುಳಿತರೆ ಎಲ್ಲ ವಿಷಯಗಳಲ್ಲಿಯೂ ಸೊನ್ನೆ ಬರುವದು. ಇಯತ್ತೆಯ ಸರಾಸರಿ ಇಳಿಯುವದು. ತಪಾಸಣೆಗೆ ಬಂದವರು ಕಾರಣ ಕೇಳುವರು. ಆದಕಾರಣ ಅವಳ ಹೆಸರಿನ ಮುಂದಿನ ಮನೆಗಳನ್ನು ಖಾಲಿ ಬಿಟ್ಟು, ಪ್ರಗತಿ ಪತ್ರಕದಲ್ಲಿ "ಗೈರುಹಾಜರು" ಎಂದು ನಾವೇ ಬರೆದೆವು. ವರುಷವಿಡೀ ಹಾಜರಿದ್ದ ಹುಡುಗಿಯು ಪರೀಕ್ಷೆಯ ಮೂರು ದಿವಸ ನಮ್ಮ ಮಾತಿನಿಂದ ಗೈರುಹಾಜರಾದಳು. ಮುಂದಿನ ಜೂನ್ ತಿಂಗಳಲ್ಲಿ ತಾಯಿಯು ಅವಳನ್ನು ಶಾಲೆಗೆ ಕಳಿಸಲಿಲ್ಲ. ಹೇಳಿಕಳಿಸಿದಾಗ, ಪರೀಕ್ಷೆಗೆ ಬೇಡವಾದ ಹುಡುಗಿ ಶಾಲೆಗೆ ಯಾಕೆ ಬೇಕೆಂದು ಅವಳು ಕೇಳಿದಳಂತೆ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಇಂಥ ತಪ್ಪು ನಮ್ಮೊಬ್ಬರದೇ ಅಲ್ಲವೆಂಬದು ಆಮೇಲೆ ಓದಿ ತಿಳಿದೆವು. ಇಂಗ್ಲೆಂಡದಲ್ಲಿ 1862ರ ಶಿಕ್ಷಣ ಸಂಹಿತೆಯ ಪ್ರಕಾರ ಓದು, ಬರಹ, ಲೆಕ್ಕಗಳ ಪರೀಕ್ಷೆಯಲ್ಲಿ ಎಷ್ಟು ಮಕ್ಕಳು ತೇರ್ಗಡೆಯಾದರೋ ಅದನ್ನು ನೋಡಿ ಶಾಲೆಗೆ ಅನುದಾನ ಕೊಡುವ ಪದ್ಧತಿ ಬಂದಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಮ್ಮ ಮುಂಬಯಿ ಇಲಾಖೆಯ ಅನುದಾನಿತ ಶಾಲೆಗಳಲ್ಲಿಯೂ ಅಂಥದೇ ಕ್ರಮವು ನಡೆಯಿತು. ಮಗುವಿನ ಉತ್ತರಕ್ಕೆ ಶಾಲೆಯ ಹಣವನ್ನು ಕಟ್ಟಿದರೆ ಬಾರದ ಮಗುವು ಭಾರವಾಗಿ ಕಾಣುವದು ಸಹಜವೇ. ಆ ಪದ್ಧತಿಯು ಹೋಗಿ ನೂರು ವರುಷಗಳಾದ ಮೇಲೂ, ನಮಗೆ ಯಾರೂ ಹಣ ಕಡಿಮೆ ಮಾಡುವದಾಗಿ ಹೆದರಿಸದೆ ಇದ್ದಾಗಲೂ, ಆ ಭಯವು ನಮ್ಮ ಮನಸ್ಸಿನಲ್ಲಿ ಮನೆ ಮಾಡಿಕೊಂಡಿತ್ತು.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳುವದು ಒಳ್ಳೇದು. ಇಂಥ ಮಕ್ಕಳಿಗೆ ಪರೀಕ್ಷೆ ಎಂದಕೂಡಲೆ ಅನೇಕರಿಗೆ ಬುದ್ಧಿಶಕ್ತಿಯನ್ನು ಅಳೆಯುವ ಪರೀಕ್ಷೆಯೇ ನೆನಪಾಗುತ್ತದೆ. ಪ್ಯಾರಿಸಿನಲ್ಲಿ ಆಲ್ಫ್ರೆಡ್ ಬಿನೆ ಎಂಬವರು ಸಿಮೋನರ ಸಂಗಡ 1905ರಲ್ಲಿ ಅಂಥದೊಂದನ್ನು ರಚಿಸಿದರು. ಶಾಲೆಯಲ್ಲಿ ಯಾವ ಮಕ್ಕಳಿಗೆ ವಿಶೇಷ ಸಹಾಯ ಬೇಕೆಂದು ಗುರುತಿಸುವದೇ ಅವರ ಉದ್ದೇಶವಾಗಿತ್ತು. ನಮ್ಮ ಕನ್ನಡ, ಮರಾಠಿ ಮಕ್ಕಳಿಗೆ ಹೊಂದುವಂತೆ ಅದನ್ನು ಮುಂಬಯಿ ಕರ್ನಾಟಕದಲ್ಲಿ ಪರಿಷ್ಕರಿಸಿದವರು ಡಾ. ವಿ. ವಿ. ಕಾಮತರು, ಅದರ ಗ್ರಂಥವು 1940ರಲ್ಲಿ ಪ್ರಕಟವಾಯಿತು. ಈ ಸೀಮೆಗೆ ಅದು ಅಭಿಮಾನದ ಸಂಗತಿಯೇ ಸರಿ. ಆದರೆ ಅಂಥ ಪರೀಕ್ಷೆಯು ಮಗುವಿನ ಬುದ್ಧಿಯು ವಯಸ್ಸಿಗೆ ತಕ್ಕಂತೆ ಬೆಳೆದಿದೆಯೋ ಇಲ್ಲವೋ ಎಂಬದನ್ನು ತಿಳಿಸುತ್ತದೆಯೇ ಹೊರತು, ಜೂನಿನಿಂದ ಮಾರ್ಚಿನ ವರೆಗೆ ನಾವು ಕಲಿಸಿದ್ದರಲ್ಲಿ ಆ ಮಗುವಿಗೆ ಎಷ್ಟು ಬಂತೆಂಬದನ್ನು ತಿಳಿಸಲಾರದು. ಸರ್ಟಿಫಿಕೇಟಿಗೆ ಮೊದಲನೆಯದು ಬೇಕಾಗಬಹುದು. ತಾಯಿಗೂ ಶಿಕ್ಷಕಿಗೂ ಬೇಕಾದದ್ದು ಎರಡನೆಯದು. ಸಾಮಾನ್ಯ ಪ್ರಶ್ನಪತ್ರಿಕೆಯಿಂದ ಎರಡನೆಯದು ತಿಳಿಯದಂಥ ಮಕ್ಕಳಿಗಾಗಿ ಮಾಡುವ ಬೇರೆ ಬಗೆಯ ಪರೀಕ್ಷೆಯನ್ನೇ ನಾವು ಈ ಲೇಖನದಲ್ಲಿ ಪರ್ಯಾಯ ಪರೀಕ್ಷೆ ಎಂದು ಕರೆಯುತ್ತೇವೆ.

ಅದನ್ನು ನಾವು ಕಣ್ಣಾರೆ ಕಂಡದ್ದು 2012ರಲ್ಲಿ. ಆಗ ನಾವು ಅದೇ ಸೀಮೆಯ ಇನ್ನೊಂದು ಊರಿನಲ್ಲಿದ್ದೆವು. ಐದನೆಯ ಇಯತ್ತೆಗೆ ಮತ್ತೆ ಅಂಥದೇ ಒಬ್ಬ ಹುಡುಗಿ ಬಂದಳು. ಅವಳ ಮುಖ ಕಂಡಾಗಲೆಲ್ಲ ಹಿಂದಿನ ಹುಡುಗಿಯ ಹೊಸ ಲಂಗವು ನಮ್ಮ ಕಣ್ಣೆದುರಿಗೆ ಬರುತ್ತಿತ್ತು. ವಿಶೇಷ ತರಬೇತಿ ಹೊಂದಿದ ಸಂಪನ್ಮೂಲ ಶಿಕ್ಷಕಿಯೊಬ್ಬರು ಊರಿಂದೂರಿಗೆ ತಿರುಗುತ್ತ ನಮ್ಮಲ್ಲಿಗೆ ಬಂದರು. ವಯಸ್ಸಿನಲ್ಲಿ ನಮ್ಮ ಮಗಳಂಥವರು. ಈ ಹುಡುಗಿಗೆ ಏನು ಬರುತ್ತದೆಂದು ಅವರು ಕೇಳಿದಾಗ, "ಏನೂ ಬರುವದಿಲ್ಲ," ಎಂದು ನಾವು ಉತ್ತರ ಕೊಟ್ಟೆವು. ಅವರು ನಗದೆ, ಬೇಸರಪಡದೆ, ಚೀಲದಿಂದ ಒಂದು ಪಟ್ಟಿಯನ್ನು ತೆಗೆದರು.

ಸಿಕಂದರಾಬಾದಿನಲ್ಲಿ ಇಂಥ ಮಕ್ಕಳಿಗಾಗಿ 1984ರಲ್ಲಿ ಕೇಂದ್ರ ಸರಕಾರದ ಒಂದು ರಾಷ್ಟ್ರೀಯ ಸಂಸ್ಥೆಯು ಸ್ಥಾಪನೆಯಾಯಿತು. ಅಲ್ಲಿ ಸಿದ್ಧವಾದ ಪಟ್ಟಿ ಅದು. ಮಗುವಿನ ವಯಸ್ಸಿಗೂ ಶಕ್ತಿಗೂ ತಕ್ಕಂತೆ ಬೇರೆ ಬೇರೆ ಹಂತಗಳು. ಒಂದೊಂದರಲ್ಲಿಯೂ ಸ್ವಂತದ ಕೆಲಸ, ಸಮಾಜದಲ್ಲಿ ನಡೆನುಡಿ, ಓದು-ಲೆಕ್ಕ, ಉದ್ಯೋಗ, ವಿನೋದ ಎಂಬ ಭಾಗಗಳು. ಇದಕ್ಕೂ ಮೊದಲು ಮದ್ರಾಸಿನಲ್ಲಿ ಸಿದ್ಧವಾದ ಇನ್ನೊಂದು ಕ್ರಮದಲ್ಲಿ 18 ವಿಭಾಗಗಳು, ಒಂದೊಂದರಲ್ಲಿ 20 ಅಂಶಗಳು, ಕೂಡಿ 360 ಅಂಶಗಳಿರುವವೆಂದು ಅವರೇ ತಿಳಿಸಿದರು. ನಮ್ಮನ್ನು ಬೆರಗುಗೊಳಿಸಿದ್ದು ಅಂಶಗಳ ಸಂಖ್ಯೆಯಲ್ಲ, ಉತ್ತರ ಬರೆಯುವ ರೀತಿ. ಅಲ್ಲಿ ಸರಿ-ತಪ್ಪು ಎಂಬ ಎರಡೇ ಗುರುತುಗಳಿರಲಿಲ್ಲ. ತಾನೇ ಮಾಡುವಳೋ, ಸ್ವಲ್ಪ ಸೂಚನೆ ಕೊಟ್ಟರೆ ಮಾಡುವಳೋ, ಬಾಯಿಂದ ಹೇಳಿಕೊಟ್ಟರೆ ಮಾಡುವಳೋ, ಕೈಹಿಡಿದು ಮಾಡಿಸಬೇಕೋ ಎಂದು ಬೇರೆ ಬೇರೆಯಾಗಿ ಬರೆಯಬೇಕು. ಇವಲ್ಲದೆ, "ಇದನ್ನು ಮಾಡಲು ಮಗುವಿಗೆ ಅವಕಾಶವೇ ದೊರೆತಿಲ್ಲ" ಎಂಬದಕ್ಕೂ ಒಂದು ಗುರುತು ಇತ್ತು.

ಆ ಕೊನೆಯ ಗುರುತನ್ನು ನೋಡಿ ನಾವು ಸುಮ್ಮನಾದೆವು. ಪಟ್ಟಿ ತುಂಬುತ್ತ ಹೋದಂತೆ ಅದೇ ಗುರುತು ಎಷ್ಟೋ ಸಲ ಬಿದ್ದಿತು. ಅಂಗಡಿಗೆ ಹೋಗಿ ಒಂದು ಸಾಮಾನು ತರುವಳೋ? ಯಾರೂ ಕಳಿಸಿಲ್ಲ. ಕತ್ತರಿ ಹಿಡಿಯುವಳೋ? ಯಾರೂ ಕೊಟ್ಟಿಲ್ಲ. ನಾಣ್ಯಗಳನ್ನು ಬೇರ್ಪಡಿಸುವಳೋ? ಯಾರೂ ಕೇಳಿಲ್ಲ. "ಬರುವದಿಲ್ಲ" ಎಂದು ನಾವು ಹೇಳಿದ್ದರಲ್ಲಿ ಬಹುಪಾಲು "ಕೊಟ್ಟಿಲ್ಲ" ಎಂಬದೇ ಆಗಿತ್ತು. ಅದರ ಜೊತೆಗೆ ನಮ್ಮ ಹೊಲಿಗೆಯ ಬಾಯಿಯವರ ಪುಸ್ತಕವೂ ನೆನಪಾಯಿತು. ಗೆರೆಯ ಮೇಲೆ ತಾನೇ ಹೊಲಿದಳು. ದಾರ ಪೋಣಿಸಲು ಒಮ್ಮೆ ತೋರಿಸಬೇಕಾಯಿತು. ಗಂಟು ನಾವೇ ಹಾಕಿದೆವು. ಯಾವ ಪಟ್ಟಿಯೂ ಇಲ್ಲದೆ ಆ ತಾಯಿಯು ಮಾಡಿದ್ದೂ ಇದನ್ನೇ.

ಸಂಪನ್ಮೂಲ ಶಿಕ್ಷಕಿಯವರು ಅಷ್ಟಕ್ಕೇ ಬಿಡಲಿಲ್ಲ. ಗುಂಡಿ ಹಾಕಿಕೊಳ್ಳುವದನ್ನೂ ಮುಖ ತೊಳೆಯುವದನ್ನೂ ಬರೆದುಕೊಂಡರೆ ಸಾಲದು. ಇಯತ್ತೆಯ ಉಳಿದ ಮಕ್ಕಳು ಕಲಿಯುವ ಪಾಠದಲ್ಲಿಯೇ ಇವಳ ಪಾಲಿನದು ಯಾವದೆಂದು ಹುಡುಕಬೇಕೆಂದರು. ಆಗ ಗಣಿತದಲ್ಲಿ ಸಂಗತಿಗಳನ್ನು ಗುಂಪು ಮಾಡಿ, ಎಣಿಸಿ, ಚಿತ್ರದಲ್ಲಿ ತೋರಿಸುವ ಪಾಠವು ಬರಲಿತ್ತು. ಆ ಪಾಠದ ತಿರುಳೇನು? ಒಂದೇ ಬಗೆಯವನ್ನು ಒಂದೆಡೆ ಕೂಡಿಸುವದು, ಯಾವ ಗುಂಪು ದೊಡ್ಡದೆಂದು ಹೇಳುವದು. ಇದಕ್ಕೆ ಕಾಗದವೇ ಬೇಕೆಂದಿಲ್ಲ. ಹುಡುಗಿಯ ತಾಯಿ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿಂದ ಒಂದು ಬಟ್ಟಲು ಒಣದ್ರಾಕ್ಷಿಯನ್ನು ತರಿಸಿದೆವು. ಹಸಿರು, ಕಂದು, ಕಪ್ಪು ಎಂದು ಮೂರು ಬಣ್ಣ, ಮೂರು ತಾಟು.

ಮೊದಲನೆಯ ದಿವಸ ಅವಳು ಎಲ್ಲವನ್ನೂ ಬಾಯಿಗೆ ಹಾಕಿಕೊಂಡಳು. ಅದನ್ನೂ ಬರೆದೆವು. ಎರಡು ಬಣ್ಣಗಳಿಂದ ಪ್ರಾರಂಭಿಸಿ, ಕೈಹಿಡಿದು ಇಡಿಸಿದೆವು. ಆಮೇಲೆ ಮೊಣಕೈ ಮುಟ್ಟಿದರೆ ಸಾಕಾಯಿತು. ಆಮೇಲೆ ಬೆರಳು ತೋರಿಸಿದರೆ ಸಾಕಾಯಿತು. ದಸರೆಯ ಸೂಟಿಯ ನಂತರ ಒಂದು ದಿವಸ ಅವಳು ಹತ್ತಕ್ಕೆ ಹತ್ತನ್ನೂ ಸರಿಯಾಗಿ ಇಟ್ಟಳು. ನಾವು ಹಿಗ್ಗಿ ಹೋದೆವು. ಆದರೆ ಸಂಪನ್ಮೂಲ ಶಿಕ್ಷಕಿಯವರು ಬಂದು ನೋಡಿ, "ಬಾಯಿಯವರೇ, ತಾವು ಒಮ್ಮೆ ಅವಳ ಹಿಂದೆ ನಿಲ್ಲಿರಿ," ಎಂದರು. ಹಿಂದೆ ನಿಂತಾಗ ಅವಳು ನಾಲ್ಕನ್ನು ತಪ್ಪಾಗಿ ಇಟ್ಟಳು. ಹುಡುಗಿಯು ದ್ರಾಕ್ಷಿಯ ಬಣ್ಣವನ್ನು ನೋಡದೆ ನಮ್ಮ ಕಣ್ಣುಗಳು ಯಾವ ತಾಟಿನ ಕಡೆಗೆ ಹೋಗುವವೆಂಬದನ್ನು ನೋಡುತ್ತಿದ್ದಳು! ನಮಗೆ ಅರಿವಿಲ್ಲದೆಯೇ ನಾವು ಉತ್ತರ ಹೇಳಿಕೊಡುತ್ತಿದ್ದೆವು. ಅಂದಿನಿಂದ ಕೆಲವು ನಿಯಮಗಳನ್ನು ಮಾಡಿಕೊಂಡೆವು. ಪರೀಕ್ಷೆಯ ದಿವಸ ತಾಟುಗಳ ಸ್ಥಳವನ್ನು ಬದಲಿಸಬೇಕು. ಕಲಿಸಿದವರು ಹಿಂದೆ ಇರಬೇಕು. ಇನ್ನೊಬ್ಬ ಶಿಕ್ಷಕಿ ಬೇರೆಯಾಗಿ ಬರೆದುಕೊಳ್ಳಬೇಕು. ಇಬ್ಬರ ಬರಹವೂ ಕೂಡಿದರೆ ಮಾತ್ರ ಪುಸ್ತಕಕ್ಕೆ ಏರಿಸಬೇಕು. ಒಂದೇ ದಿವಸದ ಫಲವನ್ನು ನಂಬದೆ ಬೇರೆ ದಿವಸಗಳಲ್ಲಿಯೂ ನೋಡಬೇಕು. ಬರಹದ ಪರೀಕ್ಷೆಯಲ್ಲಿ ನಕಲು ಆಗದಂತೆ ಕಾಯುವ ನಾವು ಇಲ್ಲಿಯೂ ಅಷ್ಟೇ ಕಾಯಬೇಕಲ್ಲವೇ?

ಮಾರ್ಚ ತಿಂಗಳಲ್ಲಿ ಉಳಿದ ಮಕ್ಕಳು ಗಣಿತದ ಪತ್ರಿಕೆಯನ್ನು ಬರೆಯುತ್ತಿದ್ದ ಹೊತ್ತಿನಲ್ಲಿಯೇ, ಅದೇ ಕೋಣೆಯ ಒಂದು ಮೂಲೆಯಲ್ಲಿ ಇವಳ ಪರೀಕ್ಷೆಯೂ ನಡೆಯಿತು. ತಾಯಿಯು ಎಣ್ಣೆ ಹಚ್ಚಿ ತಲೆ ಬಾಚಿ ಕರಕೊಂಡು ಬಂದಿದ್ದಳು. ಪುಸ್ತಕದಲ್ಲಿ ನಾವು ಬರೆದದ್ದು ಇಷ್ಟು: "ಎರಡು ಬಣ್ಣಗಳನ್ನು ಯಾರ ಸಹಾಯವೂ ಇಲ್ಲದೆ ಬೇರ್ಪಡಿಸುವಳು. ಮೂರನೆಯದನ್ನು ಬಾಯಿಂದ ಹೇಳಿಕೊಟ್ಟರೆ ಬೇರ್ಪಡಿಸುವಳು. ಎರಡು ಗುಂಪುಗಳಲ್ಲಿ ದೊಡ್ಡದನ್ನು ಐದು ಸಲಕ್ಕೆ ನಾಲ್ಕು ಸಲ ತೋರಿಸುವಳು. ಮೂರರ ವರೆಗೆ ಎಣಿಸಿ ಕೊಡುವಳು. ಅಂಕಿಗಳನ್ನು ಗುರುತಿಸಲಾರಳು." ಕೊನೆಯ ವಾಕ್ಯವನ್ನೂ ಮರೆಮಾಡಲಿಲ್ಲ. ತಾಯಿಗೆ ಓದಿ ಹೇಳಿದಾಗ ಆಕೆಯು ಸ್ವಲ್ಪ ಹೊತ್ತು ಮಾತಾಡದೆ ನಿಂತು, "ಇಷ್ಟ ದಿವಸ ಆಕಿಗೆ ಏನ್ ಬರೂದಿಲ್ಲ ಅನ್ನೂದನ್ನ ಎಲ್ಲಾರೂ ಹೇಳ್ಯಾರ್ರಿ ಅಕ್ಕೋರೆ. ಏನ್ ಬರ್ತೈತಿ ಅಂತ ಇವತ್ತ ಗೊತ್ತಾತು," ಎಂದಳು. ಆ ಹುಡುಗಿಯು ಮುಂದಿನ ಜೂನಿನಲ್ಲಿ ಶಾಲೆಗೆ ಬಂದಳು.

ಈ ವಿಷಯದಲ್ಲಿ ಕಾಯದೆಯು ಏನು ಹೇಳುತ್ತದೆಂಬದನ್ನು ಪಾಲಕರು ತಿಳಿದಿರುವದು ಅವಶ್ಯ. 2010ನೆಯ ಎಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯದೆಯು, ಮಗುವಿನ ತಿಳುವಳಿಕೆಯನ್ನೂ ಅದನ್ನು ಬಳಸುವ ಶಕ್ತಿಯನ್ನೂ ನಿರಂತರವಾಗಿಯೂ ವ್ಯಾಪಕವಾಗಿಯೂ ನೋಡುತ್ತಿರಬೇಕೆಂದು ವಿಧಿಸಿತು. 2016ರಲ್ಲಿ ಅಂಗೀಕೃತವಾಗಿ 2017ನೆಯ ಎಪ್ರಿಲ್ 19ರಿಂದ ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಕಾಯದೆಯು ಹಿಂದಿನ 1995ರ ಕಾಯದೆಯ ಸ್ಥಾನದಲ್ಲಿ ಬಂದಿದೆ. ಹಿಂದೆ ಇಂಥವರನ್ನು ಕರೆಯುತ್ತಿದ್ದ ಬಿರುಸಾದ ಹೆಸರುಗಳನ್ನು ಬಿಟ್ಟು ಬೌದ್ಧಿಕ ವೈಕಲ್ಯವೆಂಬ ಹೆಸರನ್ನು ಅದು ಬಳಸುತ್ತದೆ. ಅದರ 16ನೆಯ ಕಲಮಿನಲ್ಲಿ ಪ್ರತಿಯೊಬ್ಬ ಅಂಗವಿಕಲ ವಿದ್ಯಾರ್ಥಿಯ ಕಲಿಕೆಯು ಎಲ್ಲಿಯ ವರೆಗೆ ಮುಟ್ಟಿದೆಯೆಂದು ಶಾಲೆಯು ನೋಡಿಕೊಳ್ಳಬೇಕೆಂದೂ, 17ನೆಯದರಲ್ಲಿ ಪಾಠಕ್ರಮದಲ್ಲಿಯೂ ಪರೀಕ್ಷಾ ಪದ್ಧತಿಯಲ್ಲಿಯೂ ತಕ್ಕ ಮಾರ್ಪಾಡುಗಳನ್ನು ಮಾಡಬೇಕೆಂದೂ ಇದೆ. 31ನೆಯ ಕಲಮು, ನೂರಕ್ಕೆ ನಲವತ್ತರಷ್ಟು ಅಥವಾ ಹೆಚ್ಚು ವೈಕಲ್ಯವಿದೆಯೆಂದು ಪ್ರಮಾಣಿತರಾದ ಮಕ್ಕಳಿಗೆ 6ರಿಂದ 18 ವರುಷಗಳ ವರೆಗೆ ಉಚಿತ ಶಿಕ್ಷಣವನ್ನು ಕೊಡುತ್ತದೆ. ಅದು ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಆಗಬಹುದು.

ಮಾರ್ಪಾಡುಗಳಿಗೆ ಉದಾಹರಣೆಯಾಗಿ ಕಾಯದೆಯು ಹೆಚ್ಚಿನ ವೇಳೆಯನ್ನೂ, ಬರೆದುಕೊಡುವ ಸಹಾಯಕರನ್ನೂ, ಎರಡನೆಯ ಮತ್ತು ಮೂರನೆಯ ಭಾಷೆಗಳ ವಿನಾಯಿತಿಯನ್ನೂ ಹೆಸರಿಸಿದೆ. ಕಣ್ಣು ಕಾಣದ ಅಥವಾ ಕೈ ನಡೆಯದ ಜಾಣ ಹುಡುಗಿಗೆ ಇವು ಬಹಳ ಉಪಕಾರಿಗಳು. ಆದರೆ ನಮ್ಮ ಒಣದ್ರಾಕ್ಷಿಯ ಹುಡುಗಿಗೆ ಬರೆದುಕೊಡುವವರನ್ನು ಕೊಟ್ಟರೆ ಏನನ್ನು ಬರೆಸಿಯಾಳು? ಅದೇ ಪತ್ರಿಕೆಗೆ ಒಂದು ತಾಸು ಹೆಚ್ಚು ಕೊಟ್ಟರೂ ಫಲವೇನು? ಇಂಥ ಮಕ್ಕಳು ಸಂಖ್ಯೆಯಲ್ಲಿ ಸ್ವಲ್ಪ. ಆದರೆ ಅವರಿಗೆ ಬೇಕಾದದ್ದು ಅದೇ ಪತ್ರಿಕೆಯ ಸೌಲಭ್ಯವಲ್ಲ, ಬೇರೆ ಪ್ರಶ್ನೆಯೇ. ಉದಾಹರಣೆಗಳು ಅಷ್ಟಕ್ಕೇ ನಿಂತರೂ "ತಕ್ಕ ಮಾರ್ಪಾಡು" ಎಂಬ ಮಾತು ದೊಡ್ಡದಿದೆ. ಅದರಲ್ಲಿ ಇದಕ್ಕೂ ಸ್ಥಳವಿದೆಯೆಂದು ನಾವು ತಿಳಿಯುತ್ತೇವೆ.

ಹೊರದೇಶಗಳಲ್ಲಿಯೂ ಈ ದಾರಿಯು ಸುಲಭವಾಗಿ ಸಿಕ್ಕಿಲ್ಲ. ಅಮೇರಿಕೆಯ ಕೆಂಟಕಿ ಎಂಬ ಪ್ರಾಂತದವರು 1990ರ ದಶಕದ ಆರಂಭದಲ್ಲಿ ಇಂಥ ಮಕ್ಕಳ ಕೆಲಸದ ಮಾದರಿಗಳನ್ನು ವರುಷವಿಡೀ ಕೂಡಿಸಿ, ಅದನ್ನೇ ಪರೀಕ್ಷೆಯಾಗಿ ಎಣಿಸಲು ಪ್ರಾರಂಭಿಸಿದರು. ಆ ದೇಶದ 1997ರ ಕಾಯದೆಯು 2000ನೆಯ ಜುಲೈ 1ರೊಳಗೆ ಎಲ್ಲ ಪ್ರಾಂತಗಳೂ ಪರ್ಯಾಯ ಪರೀಕ್ಷೆಯನ್ನು ನಡೆಸಬೇಕೆಂದು ವಿಧಿಸಿತು. ಮೊದಲು ಅಲ್ಲಿಯೂ ಹಲವೆಡೆ ಊಟ ಉಡುಪುಗಳ ಕೌಶಲ್ಯವನ್ನೇ ನೋಡುತ್ತಿದ್ದರು. ಬರಬರುತ್ತ ಇಯತ್ತೆಯ ಪಾಠಕ್ಕೆ ಸಂಬಂಧಿಸಿದ ಸರಳ ಪ್ರಶ್ನೆಗಳ ಕಡೆಗೆ ತಿರುಗಿದರು. ಕೇವಲ ಓದಿನಲ್ಲಿ ಹಿಂದಿರುವ ಮಕ್ಕಳನ್ನೆಲ್ಲ ಈ ಸುಲಭದ ಬಾಗಿಲಿನಿಂದ ದಾಟಿಸುವ ಆಶೆ ಶಾಲೆಗಳಿಗೆ ಬರಬಹುದಷ್ಟೇ. ಆದಕಾರಣ 2015ರ ಕಾಯದೆಯಲ್ಲಿ, ಒಂದು ಪ್ರಾಂತದಲ್ಲಿ ಆಯಾ ವಿಷಯದ ಪರೀಕ್ಷೆಗೆ ಕೂಡ್ರುವ ಒಟ್ಟು ಮಕ್ಕಳಲ್ಲಿ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಜನರು ಪರ್ಯಾಯ ಪರೀಕ್ಷೆಗೆ ಕೂಡ್ರಬಾರದೆಂದು ಮಿತಿಯನ್ನು ಹಾಕಿದರು. ಕಲಿಸುವದರಲ್ಲಿ ನಾವು ಆಲಸ್ಯ ಮಾಡಿ, ಅದರ ಫಲವನ್ನು ಮಗುವಿನ ಬುದ್ಧಿಯ ಮೇಲೆ ಹಾಕಬಾರದೆಂಬ ಎಚ್ಚರಿಕೆಯು ನಮಗೂ ಬೇಕು.

ಕೆಲವರು, "ಇದೆಲ್ಲ ಯಾಕೆ? ಪಾಪ, ಅಂಥ ಮಗುವಿಗೆ ಮೂವತ್ತೈದು ಗುಣಾಂಕ ಹಾಕಿ ಮುಂದಕ್ಕೆ ಕಳಿಸಿದರೆ ಯಾರ ಗಂಟು ಹೋಗುವದು?" ಎನ್ನುವರು. ನಮ್ಮ ಸಂಗಡ ಕೆಲಸ ಮಾಡಿದ ಒಳ್ಳೇ ಮನಸ್ಸಿನವರೂ ಹಾಗೆ ಹೇಳಿದ್ದುಂಟು. ನಮ್ಮ ಅನುಭವದಲ್ಲಿ ಸೊನ್ನೆಯು ಎಷ್ಟು ಸುಳ್ಳೋ ಕನಿಕರದ ಮೂವತ್ತೈದೂ ಅಷ್ಟೇ ಸುಳ್ಳು. ಸೊನ್ನೆ ಹಾಕಿದವರೂ ಮಗುವನ್ನು ನೋಡಲಿಲ್ಲ, ಮೂವತ್ತೈದು ಹಾಕಿದವರೂ ನೋಡಲಿಲ್ಲ. ಮುಂದಿನ ಇಯತ್ತೆಯ ಶಿಕ್ಷಕಿಯು ಆ ಮೂವತ್ತೈದನ್ನು ನೋಡಿ ಏನನ್ನು ಕಲಿಸಬೇಕು? "ಎರಡು ಬಣ್ಣ ಬರುತ್ತವೆ, ಮೂರನೆಯದಕ್ಕೆ ಮಾತಿನ ಸಹಾಯ ಬೇಕು," ಎಂದು ಬರೆದಿದ್ದರೆ ಮಾತ್ರ ಅವಳು ಮೂರನೆಯ ಬಣ್ಣದಿಂದ ಪ್ರಾರಂಭಿಸಬಹುದು. ನಮ್ಮ ರಾಜ್ಯದ ಸರಕಾರಿ ಶಾಲೆಗಳ ನಲಿ-ಕಲಿಯಲ್ಲಿ ಚಿಕ್ಕ ಮಕ್ಕಳು ಮೆಟ್ಟಲು ಮೆಟ್ಟಲಾಗಿ ತಮ್ಮ ತಮ್ಮ ವೇಗದಿಂದ ಏಣಿಯನ್ನು ಏರುವದನ್ನು ತಾವು ನೋಡಿರಬಹುದು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಪ್ರಾರಂಭವಾದ ಆ ಪದ್ಧತಿಯಲ್ಲಿ ನಿನ್ನೆ ಬಿಟ್ಟ ಮೆಟ್ಟಲಿನಿಂದಲೇ ಇಂದು ಮುಂದುವರಿಯುವದು. ಈ ಮಕ್ಕಳಿಗೂ ಅಂಥದೇ ಏಣಿ ಬೇಕು. ಮೆಟ್ಟಲುಗಳು ಮಾತ್ರ ಇನ್ನೂ ಹತ್ತಿರ ಹತ್ತಿರವಾಗಿರಬೇಕು.

ನಿವೃತ್ತರಾದ ಮೇಲೆ, ಕಳೆದ ವರುಷ, ನಾವು ಆ ಮೊದಲನೆಯ ಹುಡುಗಿಯ ಮನೆಯನ್ನು ಹುಡುಕಿಕೊಂಡು ಹೋದೆವು. ಹುಡುಗಿಯೆನ್ನುವದೇ ತಪ್ಪು, ಅವಳಿಗೆ ಈಗ ಮೂವತ್ತೈದು ದಾಟಿದೆ. ತಾಯಿಗೆ ವಯಸ್ಸಾಗಿ ಬೆನ್ನು ಬಾಗಿದೆ. ನಮ್ಮ ಗುರುತು ಹಿಡಿದು, ನೀರು ಕೊಟ್ಟು, ಚಾಪೆ ಹಾಸಿ ಕೂಡ್ರಿಸಿದಳು. ಆಮೇಲೆ ಟ್ರಂಕು ತೆಗೆದು, ಅಡಿಯಿಂದ ಒಂದು ಹಳದಿಯಾದ ಕಾಗದವನ್ನು ತಂದು, "ಇದರಾಗ ಏನ್ ಬರದೈತ್ರಿ ಅಕ್ಕೋರೆ? ನಮಗ ಓದಾಕ ಬರೂದಿಲ್ಲ. ಸಾಲ್ಯಾಗ ಕೊಟ್ಟದ್ದಂತ ಇಟ್ಟೀನಿ," ಎಂದಳು. ಅದು ನಾವು ಬರೆದ ಪ್ರಗತಿ ಪತ್ರಕ. ಮನೆಗಳೆಲ್ಲ ಖಾಲಿ, ಕೆಳಗೆ ನಮ್ಮದೇ ಅಕ್ಷರದಲ್ಲಿ "ಗೈರುಹಾಜರು". ಅದನ್ನು ಓದಿ ಹೇಳಿದೆವು. ಆ ಮಾತು ಸುಳ್ಳೆಂದೂ, ಅದನ್ನು ಬರೆದವರು ನಾವೇ ಎಂದೂ ಹೇಳಿ ಕ್ಷಮೆ ಬೇಡಿದೆವು.

ಆಕೆಯು ಬೈಯಲಿಲ್ಲ. "ಅದ ಹೋಗ್ಲಿ ಬಿಡ್ರಿ. ನಾ ಹ್ವಾದ ಮ್ಯಾಗ ಆಕಿನ್ನ ನೋಡಾವ್ರಿಗೆ ಆಕಿಗೆ ಏನ್ ಬರ್ತೈತಿ, ಏನ್ ಬೇಕು ಅಂತ ಯಾರ್ ಹೇಳ್ತಾರ್ರಿ?" ಎಂದಳು. ಆ ಪ್ರಶ್ನೆಯ ಮುಂದೆ ನಮ್ಮ ಸರಾಸರಿಯ ಲೆಕ್ಕವೆಲ್ಲ ಏನೂ ಅಲ್ಲವಾಯಿತು. ಪರೀಕ್ಷೆಯ ಫಲವು ಬಹುಮಾನಕ್ಕಾಗಿ ಇದೆಯೆಂದು ನಾವು ತಿಳಿದಿದ್ದೆವು. ಈ ತಾಯಿಗೆ ಅದು ತನ್ನ ನಂತರ ಮಗಳನ್ನು ಇನ್ನೊಬ್ಬರ ಕೈಯಲ್ಲಿ ಒಪ್ಪಿಸುವ ಪತ್ರವಾಗಿತ್ತು. ಆ ದಿವಸ ಸಂಜೆಯ ವರೆಗೂ ನಾವು ಅಲ್ಲಿಯೇ ಕುಳಿತು, ಮಗಳು ಮಾಡುವದನ್ನು ನೋಡುತ್ತ ಒಂದು ಹಾಳೆಯ ತುಂಬ ಬರೆದೆವು. ರೊಟ್ಟಿಯ ಹಿಟ್ಟನ್ನು ತಾನೇ ಜರಡಿ ಹಿಡಿಯುವಳು. ಕೊಡವನ್ನು ಅರ್ಧ ತುಂಬಿದರೆ ಒಯ್ಯುವಳು. ಒಲೆಯ ಹತ್ತಿರ ಯಾರಾದರೂ ಇರಬೇಕು. ನೋವಾದರೆ ಹೇಳಲಾರಳು, ಎಡಗೈಯನ್ನು ಕಚ್ಚಿಕೊಳ್ಳುವಳು. ಒಣದ್ರಾಕ್ಷಿಯಲ್ಲಿಯ ಕಡ್ಡಿಗಳನ್ನು ಚೆನ್ನಾಗಿ ಆರಿಸುವಳು. ತಾಯಿಯು ಅದನ್ನು ಎರಡು ಸಲ ಓದಿಸಿಕೊಂಡು ಕೇಳಿ, ಹಳೆಯ ಕಾಗದದ ಮೇಲೆ ಇಟ್ಟು ಟ್ರಂಕು ಮುಚ್ಚಿದಳು. ಇಪ್ಪತ್ತೈದು ವರುಷ ತಡವಾಗಿ ಬರೆದ ಪ್ರಗತಿ ಪತ್ರಕ ಅದು.

ಭಗಿನಿಯರೇ, ತಮ್ಮಲ್ಲಿ ಅನೇಕರು ಶಿಕ್ಷಕಿಯರಾಗಿರುವಿರಿ. ಅನೇಕರು ತಾಯಂದಿರು, ಅಜ್ಜಿಯರು. ತಮ್ಮ ಇಯತ್ತೆಯಲ್ಲಾಗಲಿ ಓಣಿಯಲ್ಲಾಗಲಿ ಇಂಥ ಒಂದು ಮಗುವಿದ್ದರೆ, ಪರೀಕ್ಷೆಯ ದಿವಸ ಅದನ್ನು ಮನೆಯಲ್ಲಿ ಬಿಡಬೇಡಿರಿ. ಪಾಲಕರಾದವರು ಶಾಲೆಯವರನ್ನು ವಿನಯದಿಂದ ನಾಲ್ಕು ಮಾತು ಕೇಳಿರಿ: ಈ ವರುಷದ ಪಾಠದಲ್ಲಿ ನಮ್ಮ ಮಗುವಿನ ಪಾಲು ಯಾವದು? ಅದನ್ನು ತಾನೇ ಮಾಡುವದೋ, ಯಾವ ಸಹಾಯದಿಂದ ಮಾಡುವದೋ? ಕಲಿಸಿದವರಲ್ಲದೆ ಮತ್ತೊಬ್ಬರು ನೋಡಿದ್ದಾರೆಯೇ? ಮುಂದಿನ ಮೆಟ್ಟಲು ಯಾವದು? ಈ ನಾಲ್ಕಕ್ಕೆ ಉತ್ತರವಿದ್ದರೆ ಗುಣಾಂಕವು ಎಷ್ಟೇ ಇರಲಿ, ಆ ಮಗುವು ಶಾಲೆಯಲ್ಲಿ ಹಾಜರಿದೆಯೆಂದು ತಿಳಿಯಿರಿ.

ನಮ್ಮ ಹೊಲಿಗೆಯ ಬಾಯಿಯವರು ಈಗ ಇಲ್ಲ. ಅವರ ಆ ಪುಸ್ತಕವೂ ಎಲ್ಲಿಯೋ ಹೋಗಿರಬೇಕು. ಶಾಲೆಯ ಈ ಸಂಚಿಕೆಯಲ್ಲಿ ಅವರಿಗೆ ನಮ್ಮ ನಮಸ್ಕಾರಗಳನ್ನು ಸಲ್ಲಿಸಿ, ಅವರಂತೆ ನೋಡಿ ಬರೆಯುವ ಕಣ್ಣು ಕೈಗಳು ಈ ಶಾಲೆಯಿಂದ ಇನ್ನೂ ಅನೇಕ ಹುಡುಗಿಯರಿಗೆ ದೊರೆಯಲೆಂದು ಹಾರೈಸುತ್ತೇವೆ.